ಹತ್ತಿಜ್ವರ

ದೇವರು ಮನುಷ್ಯನಿಗೆ ಎರಡೇ ಕೈ ಕೊಟ್ಟ. ಕುರ್ಚಿ, ಸೋಫಾಗಳಿಗೆ ಬಟ್ಟೆ ಹೊದಿಸುವವನಿಗೆ ಅದು ಸಾಲದು. ಒಂದು ಕೈ ಬಟ್ಟೆಯನ್ನು ಎಳೆದು ಬಿಗಿಹಿಡಿದಿರುತ್ತದೆ, ಇನ್ನೊಂದರಲ್ಲಿ ಸುತ್ತಿಗೆ. ಮೊಳೆ ಕೊಡುವವರು ಯಾರು? ಬಾಯಿಯೇ ಕೊಡಬೇಕು. ಸಣ್ಣ ಮೊಳೆಗಳನ್ನು ದವಡೆಯಲ್ಲಿ ತುಂಬಿಕೊಂಡು, ನಾಲಿಗೆಯಲ್ಲಿ ಒಂದೊಂದನ್ನೇ ಹೊರಳಿಸಿ ತುಟಿಗೆ ತಂದರೆ, ಅಯಸ್ಕಾಂತದ ಸುತ್ತಿಗೆ ಅದನ್ನು ಸೆಳೆದುಕೊಂಡು ಹೋಗಿ ಮರಕ್ಕೆ ಬಡಿಯುತ್ತದೆ.

ಆ ಬೀದಿಯಲ್ಲಿ ಈ ಕೆಲಸಕ್ಕೆ ಹೆಸರಾದವನನ್ನು ಎಲ್ಲರೂ ಮೊಳೆಬಾಯಿ ಎಂದೇ ಕರೆಯುತ್ತಿದ್ದರು. ಬಾಯಿ ಒಣಗಿದರೆ ಮೊಳೆ ಹೊರಳುವುದಿಲ್ಲವೆಂದು ಅವನ ಇನ್ನೊಂದು ದವಡೆಯಲ್ಲಿ ಬೆಳಗಿನಿಂದ ಸಂಜೆಯವರೆಗೂ ಕಲ್ಲುಸಕ್ಕರೆ ಕರಗುತ್ತಿತ್ತು. ಹಲ್ಲುಗಳು ಅಲುಗಾಡತೊಡಗಿದ ಮೇಲೆ ಊಟವೆಂದರೆ ಸಕ್ಕರೆ ಸುರಿದ ಚಹಾ, ಅದರಲ್ಲಿ ಅದ್ದಿದ ಬನ್ನು. ಹೆಂಡತಿ ಹೋದ ಮೇಲೆ ಮಗಳಿಗೂ ಅದೇ ಕೆಲಸ ಕಲಿಸಿದ್ದ. ಅಪ್ಪ ಒಂದು ಬದಿ, ಮಗಳು ಒಂದು ಬದಿ ಕೂತು ಮೊಳೆ ಹೊಡೆಯುವಾಗ ಅಂಗಡಿಯಲ್ಲಿ ಮಾತೇ ಇರುತ್ತಿರಲಿಲ್ಲ. ಇಬ್ಬರ ಬಾಯಿಯೂ ತುಂಬಿರುತ್ತಿತ್ತಲ್ಲ.

"ಅಪ್ಪ, ನೀನು ಉಗುಳಿದರೆ ರಕ್ತ ಬರ್ತಿದೆ. ಹಲ್ಲಿನ ಡಾಕ್ಟರ ಹತ್ರ ಹೋಗೋಣ," ಎಂದು ಅವಳು ಹೇಳಿದ್ದುಂಟು.

"ಹೋದ್ರೆ ಇರೋ ನಾಕು ಹಲ್ಲನ್ನೂ ಕಿತ್ತು ಕಳಿಸ್ತಾರೆ. ಆಮೇಲೆ ಮೊಳೆಗೆ ಬೇಲಿ ಎಲ್ಲಿಂದ ತರ್ಲಿ? ನುಂಗಿ ಕೂತ್ಕೊಳ್ಳೋದೇ."

ಹಳೆಯ ಸೋಫಾ ಬಿಚ್ಚುವವರಿಗೆ ಹತ್ತಿಜ್ವರವೆಂಬುದೊಂದಿದೆ. ವರ್ಷಗಟ್ಟಲೆ ಕೂತು ಕೊಳೆತ ಹತ್ತಿಯ ಧೂಳು ಮೂಗಿಗೆ ಹೋದರೆ ಸಂಜೆ ಮೈ ಬಿಸಿಯೇರುತ್ತದೆ, ಕೈಕಾಲು ಮುರಿದಂತಾಗುತ್ತದೆ. ಮಲಗಿ ಎದ್ದರೆ ತಾನಾಗಿ ಇಳಿಯುತ್ತದೆ. ಅದಕ್ಕೆ ಯಾರೂ ಡಾಕ್ಟರ ಬಾಗಿಲು ತಟ್ಟುವುದಿಲ್ಲ. ಆ ಸಲ ಹಳೆಯ ಚಿತ್ರಮಂದಿರದ ಕುರ್ಚಿಗಳು ರಿಪೇರಿಗೆ ಬಂದಿದ್ದವು. ಬಿಚ್ಚತೊಡಗಿದ ಮೇಲೆ ಮೊಳೆಬಾಯಿಗೆ ಜ್ವರ ಬಂತು. ಬಂದದ್ದು ಏನೆಂದು ಯಾರೂ ಕೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು.

ಮರದ ಚೌಕಟ್ಟು ಮಾಡಿಕೊಡುವ ಬಡಗಿ ಅವನ ಹೆಂಡತಿಯ ತಮ್ಮ. ಬಾಗಿಲಲ್ಲಿ ನಿಂತು ನಕ್ಕ. "ಭಾವ, ಹತ್ತಿಗೆ ನಿಮ್ಮ ಮೇಲೆ ಬಹಳ ಪ್ರೀತಿ ಕಣ್ರೀ. ನಮ್ಮಕ್ಕನೂ ಇಷ್ಟು ಅಂಟಿಕೊಂಡಿರಲಿಲ್ಲ."

"ನಿಮ್ಮಕ್ಕ ಬಯ್ತಿದ್ದಳು. ಇದು ಬಯ್ಯಲ್ಲ," ಎಂದ ಮೊಳೆಬಾಯಿ.

ಜ್ವರ ಇಳಿಯಿತು, ಮತ್ತೆ ಏರಿತು. ಕುರ್ಚಿಗಳನ್ನು ಹೊರಗೆ ಹಾಕಿ ಅಂಗಡಿ ಗುಡಿಸಿದರು, ಕಿಟಕಿ ತೆರೆದಿಟ್ಟರು. ಹಳೇ ಹತ್ತಿ, ಬಿಡೋಕೆ ಹೊತ್ತು ಹಿಡಿಯುತ್ತೆ ಎಂದುಕೊಂಡರು. ಮಗಳು ಸುಸ್ತಿಗೆಂದು ಸಕ್ಕರೆ ನೀರು ಕುಡಿಸಿದಳು. ಅವಳಿಗೂ ಹತ್ತಿಜ್ವರ ಬಂದು ಹೋಗಿತ್ತಲ್ಲ, ಅನುಮಾನಕ್ಕೆ ಎಡೆಯೆಲ್ಲಿ? ಅಂಗಿ ಮೈಮೇಲೆ ಜೋಲುವಷ್ಟು ಅವನು ಬಡವಾದ. ಕೊನೆಗೊಂದು ಬೆಳಿಗ್ಗೆ ಹಾಸಿಗೆಯಿಂದ ಬಾಗಿಲಿಗೆ ಬರುವಷ್ಟರಲ್ಲಿ ಉಸಿರು ಸಿಗದೆ ಗೋಡೆ ಹಿಡಿದು ಕುಸಿದ. ಆಗ ಆಸ್ಪತ್ರೆಗೆ ಹೊತ್ತೊಯ್ದರು.

ಡಾಕ್ಟರಮ್ಮ ಎದೆಗೆ ಕಿವಿಗೊಟ್ಟು ಬಹಳ ಹೊತ್ತು ಕೇಳಿದರು. ಪರೀಕ್ಷೆಗಳಾದವು. ಅವನ ಬಾಯಿ ತೆರೆಸಿ, ಟಾರ್ಚು ಹಿಡಿದು ನೋಡಿ, ಮಗಳನ್ನೂ ಬಡಗಿಯನ್ನೂ ಹೊರಗೆ ಕರೆದರು.

"ತೊಂದರೆ ಎದೇಲಿ ಅಂದ್ರಿ. ಬಾಯಿ ಯಾಕೆ ನೋಡಿದ್ರಿ?" ಎಂದ ಬಡಗಿ.

"ಎದೆಗೆ ಹೋದದ್ದು ಬಾಯಿಂದಾನೇ. ಬಾಯೊಳಗಿನ ಕ್ರಿಮಿಗಳಿಗೆ ದಿನವಿಡೀ ಸಕ್ಕರೆ ಸಿಕ್ಕಿದೆ, ಒಸಡು ಕೊಳೆತಿದೆ. ಮೊಳೆ ಗೀರಿದಾಗೆಲ್ಲ ಅವು ರಕ್ತಕ್ಕೆ ಇಳಿದಿವೆ. ಇವರ ಹೃದಯದ ಕವಾಟ ಮೊದಲೇ ಸ್ವಲ್ಪ ಸೊಟ್ಟ. ಅದರ ಮೇಲೆ ಗೂಡು ಕಟ್ಟಿ ಅದನ್ನ ತಿಂದುಹಾಕಿವೆ."

"ಅದು ಹತ್ತಿಜ್ವರ ಅಂದ್ಕೊಂಡ್ವಿ," ಎಂದಳು ಮಗಳು.

ಡಾಕ್ಟರಮ್ಮನಿಗೆ ಆ ಹೆಸರು ಗೊತ್ತಿರಲಿಲ್ಲ. ಮಗಳು ಬಿಡಿಸಿ ಹೇಳಿದ ಮೇಲೆ ಅವರು ಕಣ್ಣು ಕೆಳಗಿಳಿಸಿದರು. "ಔಷಧಿ ಹಾಕ್ತಿದ್ದೀವಿ. ಕವಾಟ ಬದಲಾಯಿಸದೆ ಉಳಿಯೋದು ಕಷ್ಟ. ಆದ್ರೆ ಈ ಮೈ ಆಪರೇಷನ್ ತಡೆಯಲ್ಲ, ತಾಯಿ. ಶುರೂಲೇ ಬಂದಿದ್ರೆ ಬೇರೆ ಮಾತು."

ಬಾಯಿ ಶುಚಿಯಾಗಿಡಿ ಎಂದು ನರ್ಸು ಹತ್ತಿಬಟ್ಟೆಯನ್ನು ಮಗಳ ಕೈಗೆ ಕೊಟ್ಟಳು. ಅವಳು ಅದನ್ನು ಬೆರಳಿಗೆ ಸುತ್ತಿ, ನೀರಲ್ಲಿ ಅದ್ದಿ, ಅಪ್ಪನ ಒಸಡನ್ನು ಮೆಲ್ಲಗೆ ಒರೆಸುತ್ತಿದ್ದಳು. ಅದರಿಂದ ಈಗ ಆಗುವುದೇನೂ ಇಲ್ಲವೆಂದು ತಿಳಿದೂ ಒರೆಸಿದಳು. ಪೂಜೆಗೆ ಪಾತ್ರೆ ಬೆಳಗುವವರ ಶ್ರದ್ಧೆ ಆ ಬೆರಳಲ್ಲಿತ್ತು.

"ಸಾಕು ಬಿಡೇ. ಗಿರಾಕಿ ಬರೋ ಹೊತ್ತಿಗೆ ಕುರ್ಚಿ ಉಜ್ಜಿದ ಹಾಗೆ ಉಜ್ತೀಯಲ್ಲ." ಅವನು ಉಸಿರು ಕೂಡಿಸಿಕೊಂಡು ಅವಳನ್ನೇ ನೋಡಿದ. "ಎಲ್ಲಿ, ನಿನ್ನ ಬಾಯಿ ತೆಗಿ."

"ನನಗೇನಾಗಿದೆ? ಸುಮ್ನೆ ಮಲಗಪ್ಪ."

"ತೆಗಿ ಅಂದೆ."

ಅವಳು ಬಗ್ಗಿ ಬಾಯಿ ತೆರೆದಳು. ಅವನು ಹೆಬ್ಬೆರಳಿನಿಂದ ಅವಳ ಕೆಳದವಡೆಯ ಒಸಡನ್ನು ಮೆಲ್ಲಗೆ ಒತ್ತಿದ. ಬೆರಳು ಹೊರಗೆ ಬಂದಾಗ ಅದರ ತುದಿ ಕೆಂಪಾಗಿತ್ತು. ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. ಜೀವನದಲ್ಲಿ ತನಗಾಗಿ ದೇವರ ಮುಂದೆ ಕೈಯೊಡ್ಡಿದವನಲ್ಲ ಅವನು. ಆಗ ಕಣ್ಣು ಮುಚ್ಚಿಕೊಂಡ, ತುಟಿ ಅಲುಗಿತು. ಕಣ್ಣು ತೆರೆದು ಅವಳಿಗೆ ಏನೋ ಹೇಳಹೊರಟ. ಬಾಯಿಯ ಒಂದು ಬದಿ ಏಳಲಿಲ್ಲ. ಇನ್ನೊಂದು ಬದಿಯಿಂದ ಬಂದ ಸದ್ದಿನಲ್ಲಿ ಮಾತಿರಲಿಲ್ಲ. ನರ್ಸು ಓಡಿಬಂದಳು, ಡಾಕ್ಟರಮ್ಮ ಬಂದರು. ಕವಾಟದ ಮೇಲಿನ ಗೂಡಿನ ಚೂರೊಂದು ಕಳಚಿ ಮೆದುಳಿಗೆ ಹೋಗಿದೆ ಎಂದರು.

ಮರುದಿನ ಬಡಗಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವನು ಅಕ್ಕನ ಮಗಳ ಪಕ್ಕದಲ್ಲಿ ಬೆಂಚಿನ ಮೇಲೆ ಕೂತ.

"ಕೊನೇಲಿ ಏನಾದ್ರೂ ಹೇಳಿದ್ರಾ, ಮಗು?"

"ಹೇಳೋಕೆ ನೋಡಿದ, ಮಾವ," ಎಂದಳು ಅವಳು. "ನನಗೆ ತಿಳೀಲಿಲ್ಲ."