ನಾಲ್ಕು ಅಡಿಯ ಸಸಿಗಳು

ಇನ್ನೂರ ಹದಿನೇಳನೇ ಸಸಿಚೀಲದ ಕಳೆ ಕಿತ್ತು ಮುಂದಿನದಕ್ಕೆ ಕೈ ಹಾಕುವ ಹೊತ್ತಿಗೆ ಗೇಟಿನ ಹತ್ತಿರ ಲಾರಿ ಹಾರನ್ ಹೊಡೆಯಿತು. ಚಿಕ್ಕಮ್ಮ ತಲೆ ಎತ್ತಲಿಲ್ಲ. ಕಳೆಯನ್ನು ಅರ್ಧಕ್ಕೆ ಬಿಟ್ಟರೆ ನಾಳೆ ನೆಂಟರನ್ನೂ ಕರೆದುಕೊಂಡು ಬರುತ್ತದೆ. ಲಾರಿಯಾದರೆ ಒಂದೇ ಇರುತ್ತದೆ, ಕಾಯುತ್ತದೆ.

ನರ್ಸರಿಯಲ್ಲಿ ಎಲ್ಲರ ಬಾಯಲ್ಲೂ ಆಕೆ ಚಿಕ್ಕಮ್ಮ. ನಿಜಕ್ಕೂ ಚಿಕ್ಕಮ್ಮನಾಗಿದ್ದದ್ದು ಒಬ್ಬನಿಗೆ ಮಾತ್ರ, ಅಕ್ಕನ ಮಗನಾದ ಮೇಲ್ವಿಚಾರಕನಿಗೆ. ಕೆಲಸದ ವೇಳೆಯಲ್ಲಿ ಹಾಗೆ ಕರೆಯದೇ ಇದ್ದವನೂ ಅವನೊಬ್ಬನೇ. ತೊಟ್ಟಿಲಲ್ಲಿದ್ದಾಗ ಈ ಕೈಯಿಂದಲೇ ಸ್ನಾನ ಮಾಡಿಸಿಕೊಂಡವನು, ಕುರ್ಚಿ ಸಿಕ್ಕಿದ ಮೇಲೆ "ಏನಮ್ಮಾ" ಅನ್ನುತ್ತಿದ್ದ. ಆಕೆಯೂ ಬಿಡುತ್ತಿರಲಿಲ್ಲ, "ಸಾಹೇಬ್ರೆ" ಅನ್ನುತ್ತಿದ್ದಳು.

ಲಾರಿ ಡ್ರೈವರ್ ಹಗ್ಗ ಸುತ್ತಿಕೊಂಡು ಬಂದ. "ಬಲೆ ಬಿಚ್ಚಿ, ಚಿಕ್ಕಮ್ಮ. ಆರ್ಡರ್ ಇದೆ."

ಅವನು ಕೇಳಿದ್ದು ಸಸಿಗಳ ಮೇಲೆ ಕಟ್ಟಿದ್ದ ಹಸಿರು ನೆರಳುಬಲೆಯನ್ನು. ಅದು ಹೋದರೆ ಈ ಬಿಸಿಲಿಗೆ ಮುನ್ನೂರು ಸಸಿಗಳೂ ವಾರ ತುಂಬುವುದರೊಳಗೆ ಕರಕಲು. ಅವುಗಳ ತಾಯಿಮರ ಹೋದ ವರ್ಷ ರಸ್ತೆ ಅಗಲ ಮಾಡುವಾಗ ಉರುಳಿತ್ತು. ಸುತ್ತಲಿನ ಕಾಡಲ್ಲಿ ಆ ಜಾತಿಯದು ಉಳಿದಿದ್ದದ್ದು ಅದೊಂದೇ. ಬಿದ್ದ ಮರದ ಕೊಂಬೆಗಳ ನಡುವೆ ನುಗ್ಗಿ ಬೀಜ ಆರಿಸಿ ಬುಟ್ಟಿ ತುಂಬಿದ್ದಳು ಚಿಕ್ಕಮ್ಮ. ಇವು ಸತ್ತರೆ ಮತ್ತೆ ಬೀಜ ಕೇಳಲು ಯಾವ ಮರದ ಬಾಗಿಲು ತಟ್ಟುವುದು?

ಇಷ್ಟಕ್ಕೆಲ್ಲ ಕಾರಣ ಒಂದು ಟೇಪು. ನಾಲ್ಕು ತಿಂಗಳ ಹಿಂದೆ ಮೇಲಿನ ಕಚೇರಿಯವರು ಸಸಿಗಳ ಎತ್ತರ ಕೇಳಿದ್ದರು. ಮೇಲ್ವಿಚಾರಕ ಖುದ್ದಾಗಿ ಅಳೆಯಲು ಬಂದ. ಬಗ್ಗಿದರೆ ಪ್ಯಾಂಟಿನ ಇಸ್ತ್ರಿಗೆ ಅವಮಾನವಲ್ಲವೇ, ನಿಂತಲ್ಲಿಂದಲೇ ಟೇಪು ಇಳಿಬಿಟ್ಟ. ಅದು ಹೋಗಿ ನೆಲ ಮುಟ್ಟಿತು. ಚೀಲಗಳಿದ್ದದ್ದು ಕಬ್ಬಿಣದ ಮಂಚದ ಮೇಲೆ. ಮಂಚದ ಕಾಲು, ಚೀಲ, ಸಸಿ ಮೂರೂ ಕೂಡಿ ನಾಲ್ಕು ಅಡಿಯಾಯಿತು. ಅದರಲ್ಲಿ ಸಸಿಯ ಪಾಲು ಒಂದೂಕಾಲು ಅಡಿ.

ಮೇಲಿನವರಿಗೆ ಹಿಗ್ಗೋ ಹಿಗ್ಗು. ಮೆಚ್ಚುಗೆಯ ಪತ್ರ ಬಂತು, ಅದಕ್ಕೊಂದು ಚೌಕಟ್ಟು ಬಂತು, ಚೌಕಟ್ಟಿಗೊಂದು ಮೊಳೆ ಬಂತು. ಬೆನ್ನಿಗೇ ಇನ್ನೊಂದು ಪತ್ರ: ಇಷ್ಟು ಬೆಳೆದ ಸಸಿಗಳಿಗೆ ನೆರಳೇಕೆ? ಬಲೆಯನ್ನು ಬೇರೆ ನರ್ಸರಿಗೆ ಕೊಡಿ.

ಅವತ್ತೇ ಚಿಕ್ಕಮ್ಮ ಪಟ್ಟು ಹಿಡಿದು ಮೇಲ್ವಿಚಾರಕನಿಂದ ತಿದ್ದುಪಡಿ ಪತ್ರ ಬರೆಸಿದ್ದಳು: ಸಸಿ ಒಂದೂಕಾಲು ಅಡಿಯೇ, ಬಲೆ ಇರಲಿ, ಚೀಲ ಸಾಲದೆ ಬೇರು ಸುತ್ತಿಕೊಳ್ಳುತ್ತಿದೆ, ಉದ್ದನೆಯ ಚೀಲ ಕಳಿಸಿ ಎಂದು. ಆ ಪತ್ರ ಸಹಿಯಿಲ್ಲದೆ ಅವನ ಮೇಜಿನ ಮೇಲೆ ಗಾಜಿನ ಗುಂಡಿನಡಿ ಮಲಗಿಯೇ ಇತ್ತು. ಕೇಳಿದಾಗಲೆಲ್ಲ, "ಒಕ್ಕಣೆ ಇನ್ನೂ ಸರಿಹೋಗಿಲ್ಲಮ್ಮಾ" ಅನ್ನುತ್ತಿದ್ದ. ಮೂರು ತಿಂಗಳಲ್ಲಿ ಮಹಾಕಾವ್ಯವೇ ಆಗಬಹುದಿತ್ತು, ಪಾಪ.

ಚಿಕ್ಕಮ್ಮ ಮಂಚದಿಂದ ಒಂದು ಚೀಲ ಎತ್ತಿಕೊಂಡು ನೇರ ಆಫೀಸಿಗೆ ನಡೆದಳು. ಹಿಂದೆ ಡ್ರೈವರ್.

"ಸಾಹೇಬ್ರೆ, ಸಹಿ."

"ಏನಮ್ಮಾ ನೀನು! ಒಂದೂಕಾಲು ಅಂತ ಈಗ ಬರೆದ್ರೆ ನನ್ನ ಮಾನ ಏನಾಗ್ಬೇಕು? ಕುಗ್ಗಿಹೋಯ್ತಾ ಅಂತ ಕೇಳಲ್ವಾ?"

"ಮಂಚದ ಕಾಲು ಚಿಗುರಲ್ಲಪ್ಪ. ನಿನ್ನನ್ನೂ ಹಾಗೇ ಅಳೆದಿದ್ರೆ ಕುರ್ಚಿ ಸೇರಿ ಆರಡಿ ಆಳು ಆಗ್ತಿದ್ದೆ. ಹೆಣ್ಣು ನೋಡೋಕೆ ಹೋದಾಗ ಹೊಳೀಲಿಲ್ಲ ನಮಗೆ."

ಡ್ರೈವರ್ ಕೆಮ್ಮಿದ. ಮೇಲ್ವಿಚಾರಕ ಗೋಡೆಯ ಚೌಕಟ್ಟು ನೋಡಿದ. ಆ ನೋಟ ಚಿಕ್ಕಮ್ಮನಿಗೆ ಗೊತ್ತಿತ್ತು. ಆರು ವರ್ಷದವನಿದ್ದಾಗ ಸಕ್ಕರೆ ಭರಣಿ ಒಡೆದು ಬೆಕ್ಕಿನ ಕಡೆ ಹೀಗೇ ನೋಡಿದ್ದ. ಇವನಿಗೆ ಬೇಕಿದ್ದದ್ದು ಬುದ್ಧಿಮಾತಲ್ಲ, ತಪ್ಪು ಹೊರಿಸಲು ಒಂದು ಬೆಕ್ಕು.

ಅವಳು ಚೀಲ ಸೀಳಿ ಮಣ್ಣನ್ನು ಮೇಜಿನ ಮೇಲೆಯೇ ಉದುರಿಸಿದಳು. ಒಳಗೆ ಬೇರು ಹಗ್ಗದ ಸುರುಳಿಯ ಹಾಗೆ ಸುತ್ತಿಕೊಂಡಿತ್ತು. ಮೆಲ್ಲನೆ ಬಿಡಿಸಿ, ಸಸಿಯನ್ನು ಉದ್ದಕ್ಕೆ ಮಲಗಿಸಿದಳು.

"ಟೇಪು ತಗೋ."

ತಗೊಂಡ. ಈ ಸಲ ಬಗ್ಗಿದ. ಬೇರಿನ ತುದಿಯಿಂದ ಚಿಗುರಿನ ತನಕ ಅಳೆದ. ಮತ್ತೊಮ್ಮೆ ಅಳೆದ. ಮುಖ ಅರಳಿತು.

"ಚಿಕ್ಕಮ್ಮ! ನಾಲ್ಕು ಅಡಿ!"

"ನೋಡು ಮಗಾ, ನೀನು ಸುಳ್ಳು ಹೇಳೇ ಇರ್ಲಿಲ್ಲ. ಮುಕ್ಕಾಲು ಪಾಲು ಮಣ್ಣಿನೊಳಗಿತ್ತು, ಅಷ್ಟೆ."

ಮೂರು ತಿಂಗಳು ಸರಿಹೋಗದ ಒಕ್ಕಣೆ ಮೂರು ನಿಮಿಷದಲ್ಲಿ ಸರಿಹೋಯಿತು. 'ಈ ಹಿಂದೆ ತಿಳಿಸಿದ ಎತ್ತರವು ಬೇರನ್ನೂ ಒಳಗೊಂಡಿರುತ್ತದೆ' ಎಂದು ಒಂದು ಸಾಲು ಸೇರಿಸಿ, ತಾನೇ ಕಂಡುಹಿಡಿದ ಶಾಸ್ತ್ರವೆಂಬಂತೆ ಅಡಿಗೆರೆ ಎಳೆದು, ಸಹಿ ಹಾಕಿದ. ಬಲೆ, ಉದ್ದನೆಯ ಚೀಲ, ಎಲ್ಲ ಹಾಗೇ ಉಳಿದಿವೆಯೇ ಎಂದು ಚಿಕ್ಕಮ್ಮ ಒಂದೊಂದೇ ಅಕ್ಷರ ಓದಿ ನೋಡಿದಳು. ಆಮೇಲೆ ಡ್ರೈವರಿಗೆ ಕೊಟ್ಟಳು.

"ಬಲೆಗೆ ಬದಲು ಇದನ್ನ ಒಯ್ಯಪ್ಪ."

"ನನಗೇನು? ಕೈಯಲ್ಲಿ ಒಂದು ಕಾಗದ ಇದ್ರೆ ಲಾರಿ ಯಾಕೆ ಖಾಲಿ ಬಂತು ಅಂತ ಯಾರೂ ಕೇಳಲ್ಲ."

ಬಿಚ್ಚಿದ ಸಸಿ ಸಾಯಬಾರದಲ್ಲ. ಚಿಕ್ಕಮ್ಮ ಬೇರನ್ನು ಮತ್ತೆ ಸುತ್ತಿಕೊಳ್ಳದ ಹಾಗೆ ಅರ್ಧಕ್ಕೆ ಕತ್ತರಿಸಿ, ಒಡೆದ ನೀರಿನ ಪೈಪಿನ ತುಂಡೊಂದನ್ನು ಹುಡುಕಿ, ಮಣ್ಣು ತುಂಬಿ ಅದರಲ್ಲಿ ನೆಟ್ಟಳು. ನೀರು ಹನಿಸುತ್ತಿದ್ದಾಗ ಗೇಟು ಕಿರುಗುಟ್ಟಿತು. ಮೂರು ತಿಂಗಳ ಪತ್ರ ಡ್ರೈವರನ ಪಕ್ಕದ ಸೀಟಿನಲ್ಲಿ, ಮೇಲೆ ಸ್ಪ್ಯಾನರ್ ಹೇರಿಸಿಕೊಂಡು, ಸಾಹೇಬರಂತೆ ಒಂಟಿಯಾಗಿ ಕೂತು ಮೇಲಿನ ಕಚೇರಿಗೆ ಹೊರಟಿತು.