ಬ್ರಶ್ಶಿನ ಒಂದು ಕೂದಲು

ಬಟನ್ ಒತ್ತಿದೆ. ಫ್ಯಾನು ತಿರುಗಿತು, ಪರದೆ ಮಾತ್ರ ಕಪ್ಪಗೇ ಉಳಿಯಿತು. ಮದರ್‌ಬೋರ್ಡಿನ ಮೂಲೆಯಲ್ಲೊಂದು ಕೆಂಪು ದೀಪ ಮಿನುಗುತ್ತಾ ನನ್ನನ್ನೇ ಅಣಕಿಸುತ್ತಿತ್ತು. ಆಫ್ ಮಾಡಿ ಮತ್ತೆ ಒತ್ತಿದೆ. ಏಳನೇ ಸಲಕ್ಕೆ ಪಿತ್ತ ನೆತ್ತಿಗೇರಿತು.

"ಟೋಪಿ ಹಾಕಿದಾನೆ!" ಎಂದೆ. "ಕೆಟ್ಟುಹೋದ ಬೋರ್ಡನ್ನ ಹೊಸ ಡಬ್ಬದಲ್ಲಿಟ್ಟು ನಮ್ಮ ತಲೆಗೆ ಕಟ್ಟಿದಾನೆ ಆ ಅಂಗಡಿಯವನು."

ಮಗಳು ಊಟದ ಮೇಜಿನ ಮೇಲೆ ಚೆಲ್ಲಿದ್ದ ಸ್ಕ್ರೂಗಳನ್ನು ಒಂದೊಂದಾಗಿ ಬಟ್ಟಲಿಗೆ ಹಾಕುತ್ತಿದ್ದಳು. ಅವತ್ತು ಶನಿವಾರ. ಸೋಮವಾರ ಬೆಳಿಗ್ಗೆ ಹತ್ತರೊಳಗೆ ಅವಳು ಒಂದು ಅನಿಮೇಶನ್ ಕಂಪನಿಗೆ ಒಂದೂವರೆ ನಿಮಿಷದ ಚಿತ್ರ ಕಳಿಸಬೇಕಿತ್ತು. ಕಳಿಸಿದರೆ ಕೆಲಸ ಸಿಗಬಹುದು, ಕಳಿಸದಿದ್ದರೆ ಖಂಡಿತ ಇಲ್ಲ. ಹಳೆಯ ಲ್ಯಾಪ್‌ಟಾಪು ಆ ಭಾರ ಹೊರಲಾರದೆ ನಡುವೆಯೇ ಕೈಕೊಡುತ್ತಿತ್ತು. ಅದಕ್ಕೇ ಬಿಡಿಭಾಗ ತಂದು ಮನೆಯಲ್ಲೇ ಕಂಪ್ಯೂಟರ್ ಜೋಡಿಸಲು ಹೊರಟಿದ್ದೆವು.

"ನಾನೇ ಜೋಡಿಸ್ತೀನಪ್ಪ" ಎಂದು ಅವಳು ಮೊದಲೇ ಹೇಳಿದ್ದಳು. ನಾನು ಬಿಡುವ ಪೈಕಿಯೇ? ಮೂವತ್ತೊಂದು ವರ್ಷ ಲಿಫ್ಟ್ ರಿಪೇರಿ ಮಾಡಿದವನು. ಹನ್ನೆರಡನೇ ಮಹಡಿಯಲ್ಲಿ ಸಿಕ್ಕಿಕೊಂಡವರನ್ನು ಇಳಿಸಿದವನಿಗೆ ಮೇಜಿನ ಮೇಲಿನ ಡಬ್ಬ ಯಾವ ಲೆಕ್ಕ? ನಮ್ಮ ಕಸುಬಿನಲ್ಲಿ ಒಂದು ನಿಯಮವಿದೆ. ಕರೆಂಟು ದಾಟುವ ಜಾಗ ಯಾವುದೇ ಇರಲಿ, ಹೊಚ್ಚ ಹೊಸದೇ ಇರಲಿ, ಜೋಡಿಸುವ ಮೊದಲು ಬ್ರಶ್ಶಿನಿಂದ ಉಜ್ಜಬೇಕು. ನಾನು ಕಂಡಂತೆ ಲಿಫ್ಟುಗಳು ನಿಲ್ಲುವುದು ಮುಕ್ಕಾಲು ಪಾಲು ಧೂಳಿನಿಂದ. ಬೆಳಿಗ್ಗೆಯೂ ಚೀಲದಿಂದ ಆ ಗಡುಸು ಕೂದಲಿನ ಬ್ರಶ್ ತೆಗೆದು, ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಚೌಕವನ್ನು ನಾಲ್ಕು ಸಲ ಉಜ್ಜಿದ್ದೆ.

ಆಗ ಅವಳು "ಅಪ್ಪಾ, ಅದು..." ಎಂದಿದ್ದಳು. ತಲೆಯೆತ್ತಿ ನೋಡಿದೆ, ಅಷ್ಟೇ. ಸುಮ್ಮನಾದಳು.

ಮಧ್ಯಾಹ್ನ ಬೋರ್ಡು ಹಿಡಿದು ಅಂಗಡಿಗೆ ನುಗ್ಗಿದೆವು. ನುಗ್ಗಿದವನು ನಾನು, ಅವಳು ಹಿಂದೆ ಬಂದಳು.

"ಏನ್ರೀ, ಯಾರೋ ವಾಪಸ್ ಕೊಟ್ಟಿದ್ದನ್ನ ನಮಗೆ ದಾಟಿಸಿದೀರಾ? ನನ್ನ ಕಿವೀಲಿ ಹೂ ಕಾಣಿಸ್ತಾ ಇದೆಯಾ?" ಇದ್ದಬದ್ದ ಗಿರಾಕಿಗಳೆಲ್ಲ ತಿರುಗಿ ನೋಡುವಂತೆ ಕೂಗಿದೆ.

ಅಂಗಡಿಯವನು ಸಾವಧಾನದ ಆಸಾಮಿ. ಆ ಸಾವಧಾನಕ್ಕೇ ನಾನು ಇನ್ನಷ್ಟು ಕೆರಳಿದೆ. ಬೋರ್ಡನ್ನು ದೀಪದ ಕೆಳಗಿಟ್ಟು ಭೂತಗನ್ನಡಿಯಲ್ಲಿ ಬಹಳ ಹೊತ್ತು ನೋಡಿದ. ಆಮೇಲೆ ಚಿಮಟದಿಂದ ಏನನ್ನೋ ಎತ್ತಿ ಬಿಳಿ ಕಾಗದದ ಮೇಲಿಟ್ಟ. ಒಂದು ಕಪ್ಪು ಕೂದಲು, ಉಗುರಿನಷ್ಟು ಉದ್ದದ್ದು.

"ಈ ಚೌಕದಲ್ಲಿ ಸಾವಿರಕ್ಕೂ ಹೆಚ್ಚು ಪಿನ್ ಇವೆ ಸರ್, ಬೆರಳು ತಾಕಿದ್ರೂ ಬಾಗುತ್ವೆ. ಇದರಲ್ಲಿ ಒಂದು ಸಾಲೇ ಮಲಗಿಬಿಟ್ಟಿದೆ, ಎರಡು ಮುರಿದೂ ಹೋಗಿವೆ. ಯಾರೋ ಚೆನ್ನಾಗಿ ಉಜ್ಜಿದಾರೆ. ಜೋಡಿಸಿದ್ದು ಯಾರು?"

ಕಾಗದದ ಮೇಲಿನ ಕೂದಲನ್ನೇ ನೋಡಿದೆ, ನನ್ನ ಬ್ರಶ್ಶಿನದು.

"ನಾನೇ" ಎಂದಳು ಮಗಳು.

"ಹೀಗೆ ಪೆಟ್ಟಾಗಿದ್ರೆ ಕಂಪನಿಯವರು ಬದಲಾಯಿಸಿ ಕೊಡಲ್ಲಮ್ಮ." ನನ್ನ ಕೂಗಾಟವನ್ನೆಲ್ಲ ನುಂಗಿಕೊಂಡು ಅವನು ಇನ್ನೆರಡು ಅಂಗಡಿಗಳಿಗೆ ಫೋನ್ ಮಾಡಿ ವಿಚಾರಿಸಿದ. "ಇದಕ್ಕೆ ಹೊಂದೋ ಬೋರ್ಡು ಯಾರ ಹತ್ರಾನೂ ಇಲ್ಲ. ಮಂಗಳವಾರ ಬರುತ್ತೆ."

ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತೆವು. ನನ್ನ ಸಿಟ್ಟಿಗೆ ಇಷ್ಟು ಹೊತ್ತು ಆಸರೆಯಾಗಿದ್ದ ಅಂಗಡಿಯವನು ಕೈತಪ್ಪಿಹೋಗಿದ್ದ. ಉಳಿದವಳು ಇವಳೊಬ್ಬಳೇ.

"ಯಾಕೆ ಸುಳ್ಳು ಹೇಳಿದೆ? ಉಜ್ಜಿದ್ದು ನಾನು!"

"ಗೊತ್ತು."

"ಉಜ್ಜಬಾರದು ಅಂತಾನೂ ಗೊತ್ತಿತ್ತಾ?"

"ಗೊತ್ತಿತ್ತು. ಡಬ್ಬದ ಜೊತೆ ಬಂದ ಪುಸ್ತಕದಲ್ಲೇ ಬರೆದಿತ್ತು."

"ಮತ್ತೆ ಬಾಯಿಗೇನು ಬೀಗ ಹಾಕ್ಕೊಂಡಿದ್ಯಾ?"

"ಹೇಳೋಕೆ ಬಂದೆ ಅಪ್ಪ. ನೀನು ನೋಡ್ದೆಯಲ್ಲ."

ಆ ನೋಟ ನನಗೆ ಗೊತ್ತು. ಜೊತೆಗಿದ್ದ ಕೆಲಸಗಾರರನ್ನೆಲ್ಲ ಅದೊಂದರಿಂದಲೇ ಬಾಯಿ ಮುಚ್ಚಿಸಿದ್ದೇನೆ. ಮನೆಗೆ ಬಂದು ಅದನ್ನು ಹೆಮ್ಮೆಯಿಂದ ಹೇಳಿಕೊಂಡೂ ಇದ್ದೇನೆ.

"ನೀನು ಗೋಡೆ ಗಡಿಯಾರ ಬಿಚ್ಚಿ ಕೆಡಿಸಿದಾಗ ಅಮ್ಮ ಒಂದು ಮಾತು ಅಂದ್ಳು" ಎಂದಳು. "ನೀನು ಮೂರು ದಿನ ಯಾರ ಹತ್ರಾನೂ ಮಾತಾಡ್ಲಿಲ್ಲ. ಮನೇಲಿ ಉಸಿರಾಡೋಕೂ ಭಯ ಆಗ್ತಿತ್ತು. ನಂಗೆ ಈ ಎರಡು ದಿನ ಕೆಲಸ ಮಾಡೋದಿತ್ತಪ್ಪ. ಹೇಗೋ ಆಗುತ್ತೆ, ಬೋರ್ಡಿಗೆ ಏನೂ ಆಗದೇ ಇರ್ಲಿ ಅಂದ್ಕೊಂಡೆ."

ಅಷ್ಟು ಹೇಳಿ ಫೋನ್ ತೆಗೆದು ಅನಿಮೇಶನ್ ಕಂಪನಿಗೆ ಬರೆಯತೊಡಗಿದಳು. ನಾನು ಇಣುಕಿದೆ. 'ಕಂಪ್ಯೂಟರ್ ಜೋಡಿಸುವಾಗ ನನ್ನ ಕೈತಪ್ಪಿನಿಂದ' ಎಂದು ಶುರುಮಾಡಿದ್ದಳು. ಬುಧವಾರದವರೆಗೆ ಸಮಯ ಕೇಳಿದ್ದಳು.

"ಅಳಿಸು ಅದನ್ನ. ಅಪ್ಪ ಹಾಳುಮಾಡಿದ ಅಂತ ಬರಿ."

"ಬಿಡಪ್ಪ, ಪರವಾಗಿಲ್ಲ."

ಆ ಮಾತು ಕೇಳಿ ಮೈಯೆಲ್ಲ ಉರಿದುಹೋಯಿತು. ನನ್ನ ಮೇಲೆ ನನಗೇ ಅಷ್ಟು ಹೇಸಿಗೆಯಾಗಿದ್ದು ಅದೇ ಮೊದಲು.

"ಏನು ಪರವಾಗಿಲ್ಲ? ಬಯ್ಯಿ ನನ್ನ! ಒಂದು ಸಲ ಬಾಯಿ ಬಿಟ್ಟು ಬಯ್ಯೇ!"

ಬೀದಿಯಲ್ಲಿ ಹೋಗುತ್ತಿದ್ದವರು ನಿಂತರು. ಅಂಗಡಿಯವನು ಬಾಗಿಲಿಗೆ ಬಂದು ನೋಡಿದ. ಮಗಳು ಫೋನನ್ನು ಎದೆಗೆ ಅವಚಿಕೊಂಡು, ಬೆಳಿಗ್ಗೆಯ ಹಾಗೆಯೇ ಸುಮ್ಮನಾದಳು.