ಬೇವಿನ ಕವಲಿನ ಚಾಚಿ

ಯರಗುಪ್ಪಿಯಿಂದ ಒಂದು ಕಿಲೋಮೀಟರ್ ಹೊರಗೆ, ರಸ್ತೆ ಎರಡಾಗಿ ಒಡೆಯುವಲ್ಲಿ ರಾಜಮಾಬಿಯ ಮನೆ. ಎಡಕ್ಕೆ ಹೊರಳುವ ರಸ್ತೆ ಸುತ್ತು ಹಾಕಿಕೊಂಡು ಕುಂದಗೋಳದ ಕಡೆ ಹೋಗುತ್ತದೆ. ಬಲಗಡೆಯದು ಮೊದಲ ಅರ್ಧ ಕಿಲೋಮೀಟರ್ ಒಳ್ಳೆಯ ಡಾಂಬರು. ಹೊಸಬರು ನೋಡಿದರೆ ಅದೇ ದೊಡ್ಡ ರಸ್ತೆ ಎಂದುಕೊಳ್ಳಬೇಕು, ಹಾಗಿದೆ. ಆಮೇಲೆ ಅದು ಎರೆಹೊಲಗಳ ನಡುವಿನ ಮಣ್ಣಿನ ದಾರಿಯಾಗಿ, ಹಳ್ಳದ ದಂಡೆಗೆ ಹೋಗಿ ನಿಂತುಬಿಡುತ್ತದೆ. ಹಳ್ಳದ ಮೇಲಿದ್ದ ಸಣ್ಣ ಸೇತುವೆ ಆರು ವರ್ಷದ ಹಿಂದೆ ಒಂದು ಮಳೆಗೆ ಕುಸಿಯಿತು. ಊರಿನ ಎತ್ತುಗಳಿಗೂ ಇದು ಗೊತ್ತು. ಫೋನಿನ ನಕಾಶೆಗೆ ಗೊತ್ತಿರಲಿಲ್ಲ. ಅಣ್ಣಿಗೇರಿ ಕಡೆಯಿಂದ ಬರುವ ಲಾರಿಗಳಿಗೆ ಅದು ಬಲಕ್ಕೆ ಹೊರಳಿ ಅನ್ನುತ್ತಿತ್ತು, ಕುಂದಗೋಳಕ್ಕೆ ಹನ್ನೊಂದು ಕಿಲೋಮೀಟರ್ ಕಡಿಮೆಯಾಗುತ್ತದೆ ಎಂದು.

ಮೊದಲ ಲಾರಿಯವನನ್ನು ರಾಜಮಾಬಿಯ ಹತ್ತಿರ ಕರೆತಂದವನು ಕಿರಾಣಿ ಅಂಗಡಿಯ ಭೀಮೇಶ.

"ಕಾಕಿ, ಇವಂಗ ಕನ್ನಡ ಬರೂದಿಲ್ರಿ. ನನ್ನ ಹಿಂದಿ ಇವಂಗ ತಿಳೀವಲ್ದು. ನೀವ ಒಂದೀಟು ಮಾತಾಡ್ರಿ."

ರಾಜಮಾಬಿ ಕೌದಿ ಹೊಲಿಯುತ್ತ ಮನೆಯ ಮುಂದಿನ ಬೇವಿನ ಗಿಡದ ಕಟ್ಟೆಯ ಮೇಲೆ ಕೂತಿದ್ದಳು. ಹಳೆಯ ಸೀರೆ, ಧೋತರಗಳ ತುಂಡುಗಳನ್ನು ಜೋಡಿಸಿ ಹೊದಿಕೆ ಹೊಲಿದುಕೊಡುವುದೇ ಅವಳ ಕಸುಬು. ಗಂಡ ತೀರಿಕೊಂಡು ಎಂಟು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಊರಿನವರು ಒಳ್ಳೆಯವರೇ, ಕೌದಿ ಕೊಡಲು, ಒಯ್ಯಲು ಬಂದಾಗ ಎರಡು ಮಾತಾಡಿ ಹೋಗುತ್ತಿದ್ದರು. ಆದರೆ ಮನೆಮಾತು ಉರ್ದುವನ್ನು ಆಡಲು ಅವಳಿಗೆ ಯಾರೂ ಉಳಿದಿರಲಿಲ್ಲ. ತಂಗಿ ಫಾತಿಮಾಬಿ ಇದ್ದದ್ದು ದೂರದ ತಂಬೂರಿನಲ್ಲಿ. ತಂಗಿಯ ಮಗ ನದೀಮ್ ಕುಂದಗೋಳದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದ. ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದನಾದರೂ, ಅವಳು ಉರ್ದುವಿನಲ್ಲಿ ಕೇಳಿದ್ದಕ್ಕೆ ಅವನು ಕನ್ನಡದಲ್ಲಿ ಉತ್ತರ ಕೊಡುವವ.

ಆ ಮೊದಲ ಡ್ರೈವರ್ ನಾಗಪುರದ ಕಡೆಯವನು. ರಾಜಮಾಬಿ ಬಾಯಿ ತೆರೆದು ಎರಡು ಮಾತಾಡಿದ್ದೇ ತಡ, ಅವನ ಮುಖದ ಬಿಗಿ ಸಡಿಲಾಯಿತು. ಅವಳು ದಾರಿ ಹೇಳಿದಳು, ನೀರು ಕೊಟ್ಟಳು. ಲಾರಿ ಹಿಂದಕ್ಕೆ ತೆಗೆಯುವಾಗ ಮುಂದೆ ನಿಂತು ಕೈ ಬೀಸಿದಳು. ಹೋಗುವಾಗ ಅವನು ಕ್ಯಾಬಿನ್ನಿನಿಂದ ಒಂದು ಚೀಲ ಕಿತ್ತಳೆ ಇಳಿಸಿ ಕಟ್ಟೆಯ ಮೇಲಿಟ್ಟ. ಅಷ್ಟು ಹಣ್ಣು ಒಬ್ಬಳಿಗೆ ಮುಗಿಯುವಂತಿರಲಿಲ್ಲ. ಒಂದು ವಾರ ಮನೆಯೆಲ್ಲ ಕಿತ್ತಳೆಯ ವಾಸನೆ.

ಆಮೇಲೆ ವಾರಕ್ಕೆ ಒಂದು, ಕೆಲವು ಸಲ ಮೂರು ಲಾರಿಗಳು ಬರತೊಡಗಿದವು. ಸೇಲಂನಿಂದ ಪೈಪು ಹೇರಿಕೊಂಡು ಬಂದವನಿಗೆ ಹಿಂದಿಯೂ ಬರುತ್ತಿರಲಿಲ್ಲ. ಇಬ್ಬರೂ ನೆಲದ ಮೇಲೆ ಕಡ್ಡಿಯಿಂದ ಗೆರೆ ಎಳೆದು ಮಾತಾಡಿದರು. ಪಂಜಾಬಿನ ಮುದುಕನೊಬ್ಬ ಗಿಡದ ನೆರಳಲ್ಲಿ ಮೂರು ತಾಸು ನಿದ್ದೆ ಹೊಡೆದು, ಎದ್ದು, ಮುಖ ತೊಳೆದು, ಮಾತಿಲ್ಲದೆ ಹೋದ. ಇನ್ನೊಬ್ಬ ಮಗಳು ಕುಣಿಯುವ ವಿಡಿಯೋ ತೋರಿಸಿದ. ಒಂದೇ ವಿಡಿಯೋವನ್ನು ನಾಲ್ಕು ಸಲ. ರಾಜಮಾಬಿ ನಾಲ್ಕು ಸಲವೂ ನೋಡಿದಳು.

ಗದಗ ರಸ್ತೆಯ ಢಾಬಾಗಳಲ್ಲಿ ಅವಳ ಸುದ್ದಿ ಹಬ್ಬಿತು. ಯರಗುಪ್ಪಿಯ ಹತ್ತಿರ ಬೇವಿನ ಗಿಡವಿದೆ, ಅಲ್ಲೊಬ್ಬ ಚಾಚಿ ಇದ್ದಾಳೆ, ನಕಾಶೆ ನಂಬಬೇಡ, ಅವಳನ್ನು ಕೇಳು ಎಂದು ಡ್ರೈವರುಗಳು ಒಬ್ಬರಿಗೊಬ್ಬರು ಹೇಳುತ್ತಿದ್ದರಂತೆ. ಅದನ್ನು ಕೇಳಿದ ದಿನ ಅವಳು ಹೊಲಿಯುತ್ತ ತನ್ನಷ್ಟಕ್ಕೆ ನಕ್ಕಳು.

ಬರಬರುತ್ತ ಅವಳ ದಿನದ ಕ್ರಮವೇ ಬದಲಾಯಿತು. ಬೆಳಿಗ್ಗೆ ಎದ್ದು ಒಂದು ಕೊಡ ನೀರು ಹೆಚ್ಚಿಗೆ ತುಂಬಿಡುವಳು. ತಲೆ ಬಾಚಿಕೊಂಡು ಹೊರಗೆ ಬರುವಳು. ಮೊದಲು ಹೆಚ್ಚಾಗಿ ಒಳಗೇ ಹೊಲಿಯುತ್ತಿದ್ದವಳು ಈಗ ದಿನವಿಡೀ ಕಟ್ಟೆಯ ಮೇಲೆಯೇ. ದೂರದಲ್ಲಿ ಗೇರು ಬದಲಿಸಿದ ಸದ್ದು ಕೇಳಿದರೆ ಖಾಲಿ ಲಾರಿಯೋ ತುಂಬಿದ್ದೋ ಎಂದು ಹೇಳಬಲ್ಲವಳಾದಳು. ಐದಾರು ದಿನ ಯಾರೂ ಬರದಿದ್ದರೆ ಏನೋ ಸಿಟ್ಟು ಬರುತ್ತಿತ್ತು. ಯಾರ ಮೇಲೆ ಎಂದು ಅವಳು ಕೇಳಿಕೊಳ್ಳಲಿಲ್ಲ.

ಮಾರ್ಚಿನಲ್ಲಿ ಒಮ್ಮೆ ನದೀಮ್ ಬಂದಿದ್ದಾಗಲೇ ಒಂದು ಲಾರಿ ದಾರಿ ತಪ್ಪಿ ಬಂತು. ಅದು ತಿರುಗಿ ಹೋದ ಮೇಲೆ ಅವನು ತನ್ನ ಫೋನಿನಲ್ಲಿ ನಕಾಶೆ ತೆಗೆದು ನೋಡಿದ.

"ಖಾಲಾ, ಇದನ್ನ ತಿದ್ದಿಸಬಹುದು. ಮುರದ ಸೇತುವಿ ಫೋಟೋ ಹೊಡದು ಕಳಸಿದ್ರ ಅವ್ರ ನೋಡಿ ದಾರಿ ಬಂದ್ ಅಂತ ಹಾಕ್ತಾರ. ಈಗ ಹೋಗಿ ಹೊಡಕೊಂಡು ಬರ್ಲೇನು?"

"ಯಾಕ ಬಿಡು," ಅಂದಳು ರಾಜಮಾಬಿ. "ನಾ ಇಲ್ಲೇ ಅದೀನಲ್ಲ."

"ನೀವು ಇಲ್ಲದಾಗ?"

"ನಾ ಎಲ್ಲಿಗೆ ಹೋಗ್ತೇನಿ?"

ನದೀಮ್ ಅವಳ ಮುಖವನ್ನೊಮ್ಮೆ ನೋಡಿ ಫೋನನ್ನು ಕಿಸೆಗೆ ಹಾಕಿಕೊಂಡ. ಮತ್ತೆ ಆ ಮಾತು ತೆಗೆಯಲಿಲ್ಲ.

ಜೂನಿನಲ್ಲಿ ಫಾತಿಮಾಬಿಯ ಕಣ್ಣಿನ ಆಪರೇಶನ್ ಆಯಿತು. ನೋಡಿಕೊಳ್ಳಲು ರಾಜಮಾಬಿ ನಾಲ್ಕು ದಿನ ತಂಬೂರಿಗೆ ಹೋದಳು. ಹೋಗುವ ಮುಂಜಾನೆ ಮನೆಗೆ ಬೀಗ ಹಾಕಿ ಕವಲಿನಲ್ಲಿ ಒಂದು ಗಳಿಗೆ ನಿಂತಳು. ಬಲಗಡೆಯ ದಾರಿಗೆ ಜಾಲಿಯ ಮುಳ್ಳು ಎಳೆದು ಹಾಕೋಣವೆಂದುಕೊಂಡಳು. ಆದರೆ ಬಿತ್ತಿಗೆಯ ದಿನಗಳು, ಊರಿನ ಚಕ್ಕಡಿ, ಟ್ರ್ಯಾಕ್ಟರುಗಳೆಲ್ಲ ಅದೇ ದಾರಿಯಲ್ಲಿ ಓಡಾಡಬೇಕು. ನಾಲ್ಕೇ ದಿನ ಎಂದುಕೊಂಡು ಬಸ್ಸಿಗೆ ನಡೆದಳು.

ಮೂರನೆಯ ದಿನ ಬೆಳಿಗ್ಗೆ ಭೀಮೇಶನ ಫೋನು ಬಂತು.

"ಕಾಕಿ, ಹಳ್ಳದ ದಾರ್ಯಾಗ ಒಂದು ಲಾರಿ ಬಿದ್ದೈತ್ರಿ. ನಿನ್ನೆ. ಡ್ರೈವರನ ಕಾಲು ಅದರಾಗ ಸಿಕ್ಕಿತ್ತು."

ರಾಜಮಾಬಿ ತಂಗಿಯ ಕಣ್ಣಿಗೆ ಹಾಕುವ ಔಷಧದ ಬಾಟಲಿಯನ್ನು ಕೈಯಲ್ಲಿ ಹಿಡಿದೇ ನಿಂತಳು. "ಜೀವ?"

"ಜೀವ ಐತ್ರಿ. ಹುಬ್ಬಳ್ಳಿ ದವಾಖಾನಿಗೆ ಒಯ್ದಾರ. ಆದ್ರ ಎರಡು ತಾಸು ಹಂಗ ಬಿದ್ದಿದ್ದ. ಎಲ್ಲಾರೂ ಆಚೀಕಡೆ ಹೊಲದಾಗ ಬಿತ್ತಾಕ ಹತ್ತಿದ್ರು. ಅವ ಒದರಿದ್ದು ಯಾರಿಗೂ ಕೇಳಿಲ್ಲ. ಮೊದಲ ನಿಮ್ಮ ಬಾಗಲಾ ಬಡದಿದ್ನಂತ್ರಿ."

ಆದದ್ದು ಇಷ್ಟು. ಬಿಹಾರದ ಪ್ರತಾಪ ಎಂಬ ಡ್ರೈವರು ಟೈಲ್ಸ್ ಹೇರಿಕೊಂಡು ಬಂದಿದ್ದ. ಢಾಬಾದಲ್ಲಿ ಕೇಳಿದ್ದಂತೆ ಬೇವಿನ ಗಿಡದ ಹತ್ತಿರ ಲಾರಿ ನಿಲ್ಲಿಸಿ ಬಾಗಿಲು ಬಡಿದ. ಬೀಗ ಕಂಡು ಕಟ್ಟೆಯ ಮೇಲೆ ಒಂದೂವರೆ ತಾಸು ಕಾದ. ಆ ಹೊತ್ತಿನಲ್ಲಿ ರಸ್ತೆಯಲ್ಲಿ ಒಂದು ಹುಳವೂ ಹಾಯಲಿಲ್ಲ. ಕೊನೆಗೆ ಫೋನು ಹೇಳಿದ ಹಾಗೆ ಬಲಕ್ಕೆ ಹೊರಳಿದ. ಎರಡು ದಿನದ ಹಿಂದೆ ಮಳೆಯಾಗಿತ್ತು. ಎರೆಯ ಮಣ್ಣು ಮೇಲೆ ಒಣಗಿ ಗಟ್ಟಿಯಾದಂತೆ ಕಂಡರೂ ಒಳಗೆ ಬೆಣ್ಣೆ. ಗಾಲಿಗಳು ಹೂತವು. ಹಿಂದಕ್ಕೆ ತೆಗೆಯಲು ನೋಡಿದಾಗ ದಾರಿಯ ಅಂಚು ಜರಿದು ಲಾರಿ ವಾಲಿತು. ಅವನು ಜಿಗಿಯುವಷ್ಟರಲ್ಲಿ ಅದು ಮಗ್ಗುಲಾಗಿ, ಕ್ಯಾಬಿನ್ನಿನ ಬಾಗಿಲು ಅವನ ಎಡಗಾಲಿನ ಮೇಲೆ ಬಂತು.

ರಾಜಮಾಬಿ ಮರುದಿನ ತಂಬೂರಿನಿಂದ ನೇರವಾಗಿ ಹುಬ್ಬಳ್ಳಿಗೆ ಹೋದಳು. ಬುಟ್ಟಿಯಲ್ಲಿ ನಾಲ್ಕು ರೊಟ್ಟಿ, ಶೇಂಗಾ ಚಟ್ನಿ. ವಾರ್ಡಿನ ತುದಿಯ ಮಂಚದಲ್ಲಿ ಪ್ರತಾಪ ಮಲಗಿದ್ದ. ಇಪ್ಪತ್ತೆಂಟರ ಆಸುಪಾಸು, ತೆಳ್ಳಗಿನ ಆಳು. ಕಾಲಿಗೆ ಪಟ್ಟಿ ಸುತ್ತಿ ಎತ್ತರಕ್ಕೆ ಇಟ್ಟಿದ್ದರು. ಉಳಿದ ಮಂಚಗಳ ಸುತ್ತ ಜನ ನೆರೆದಿದ್ದರು, ಅವನ ಬಳಿ ಯಾರೂ ಇರಲಿಲ್ಲ. ಅವಳು ಉರ್ದುವಿನಲ್ಲಿ ಮಾತಾಡಿಸಿದ ಕೂಡಲೇ ಅವನು ಕತ್ತು ತಿರುಗಿಸಿದ.

"ಎರಡು ದಿನದಿಂದ ಇವರು ಏನು ಹೇಳುತ್ತಾರೋ ನನಗೆ ತಿಳಿದಿಲ್ಲ," ಅಂದ. "ಕಾಲು ತೆಗೆಯುತ್ತಾರಾ? ಕೇಳಿ ಹೇಳುತ್ತೀರಾ?"

ಅವಳು ಹೋಗಿ ನರ್ಸಮ್ಮನನ್ನು ಕೇಳಿ ಬಂದಳು. ಕಾಲು ಉಳಿಯುತ್ತದೆ, ಒಳಗೆ ಸರಳು ಹಾಕಿದ್ದಾರೆ, ನಡೆಯಲು ಆರು ತಿಂಗಳು ಬೇಕು ಎಂದು ಹೇಳಿದಳು. ಬುಟ್ಟಿ ಬಿಚ್ಚಿ ಅವನ ಮುಂದಿಟ್ಟಳು. ರೊಟ್ಟಿ ಮುರಿದು ತಿನ್ನುತ್ತ, "ನೀವು ಯಾರು?" ಎಂದು ಕೇಳಿದ.

"ನೀನು ಬಡಿದದ್ದು ನನ್ನ ಮನೆಯ ಬಾಗಿಲು."

ಅವನಿಗೆ ನಗು ಬಂತು. "ಹಾಗಾದರೆ ನೀವು ನಿಜವಾಗಿಯೂ ಇದ್ದೀರಿ! ಬೀಗ ನೋಡಿ, ಢಾಬಾದವರು ಕಟ್ಟಿದ ಕತೆ ಅಂದುಕೊಂಡೆ."

ಅಲ್ಲಿಗೇ ಬಿಟ್ಟಿದ್ದರೆ ಆಗುತ್ತಿತ್ತು. ರಾಜಮಾಬಿಗೆ ಬಿಡಲಾಗಲಿಲ್ಲ. ಮಾರ್ಚಿನಲ್ಲಿ ನದೀಮ್ ಹೇಳಿದ್ದನ್ನೂ ತಾನು ಬೇಡವೆಂದದ್ದನ್ನೂ ಹೇಳಿದಳು. ಯಾಕೆ ಬೇಡವೆಂದೆ ಎಂದು ಅವನು ಕೇಳಲಿಲ್ಲ, ಅವಳೇ ಹೇಳಿದಳು. "ದಾರಿ ಸರಿಯಾದರೆ ಯಾರೂ ಬರುವುದಿಲ್ಲ ಅಂತ."

ಪ್ರತಾಪ ರೊಟ್ಟಿ ತಿನ್ನುವುದನ್ನು ನಿಲ್ಲಿಸಿದ. ಮುಖವನ್ನು ಗೋಡೆಯ ಕಡೆ ಮಾಡಿಕೊಂಡ. ಅವಳು ಎದ್ದು ಹೋಗಲೂ ಆಗದೆ, ಕೂರಲೂ ಆಗದೆ, ಸೆರಗಿನ ತುದಿಯನ್ನು ಸುತ್ತುತ್ತ ಕೂತಳು. ಬಾಜುವಿನ ಮಂಚದವರು ಚಹಾ ಕುಡಿದು ಲೋಟ ತೊಳೆದಿಟ್ಟರು. ಕೊನೆಗೆ ಅವನು ಗೋಡೆಯ ಕಡೆಗೇ ಮುಖ ಮಾಡಿ ಅಂದ: "ಈಗಲಾದರೂ ಮಾಡಿಸಿ, ಚಾಚಿ."

ಊರಿಗೆ ಬಂದ ದಿನವೇ ಅವಳು ನದೀಮನಿಗೆ ಫೋನು ಮಾಡಿದಳು. ಅವನು ಸಂಜೆಗೆ ಬಂದ. ಇಬ್ಬರೂ ಹಳ್ಳದವರೆಗೆ ನಡೆದರು. ಲಾರಿಯನ್ನು ಆಗಲೇ ಎಳೆದೊಯ್ದಿದ್ದರು. ಅದು ಬಿದ್ದಿದ್ದ ಜಾಗದಲ್ಲಿ ಟೈಲ್ಸಿನ ಚೂರುಗಳು ಕರಿ ಮಣ್ಣಿನೊಳಗೆ ಬೆಳ್ಳಗೆ ಮಿನುಗುತ್ತಿದ್ದವು. ನದೀಮ್ ಕುಸಿದ ಸೇತುವೆಯ ಫೋಟೋ ಹೊಡೆದ, ಮಣ್ಣಿನ ದಾರಿಯದೂ ಹೊಡೆದ.

"ಕಳಸ್ಲೇನು ಖಾಲಾ?"

"ಕಳಸು."

"ಆಮ್ಯಾಲ ಯಾರೂ ಬರೂದಿಲ್ಲ ನೋಡ್ರಿ."

"ಗೊತ್ತೈತಿ. ಕಳಸಪಾ ನೀ."

ತಿದ್ದುಪಡಿ ಆಗಲು ಹತ್ತೊಂಬತ್ತು ದಿನ ಹಿಡಿಯಿತು. ಆ ಹತ್ತೊಂಬತ್ತು ದಿನ ರಾಜಮಾಬಿ ಸೂರ್ಯ ಹುಟ್ಟಿದಾಗಿನಿಂದ ಮುಳುಗುವವರೆಗೆ ಕವಲನ್ನು ಕಾವಲಿಲ್ಲದೆ ಬಿಡಲಿಲ್ಲ. ನೀರು ತರಲು ಹೋಗುವಾಗ ಕೂಡ ಬಲದಾರಿಗೆ ಅಡ್ಡಲಾಗಿ ಹಗ್ಗ ಕಟ್ಟಿ ಅದಕ್ಕೆ ಕೆಂಪು ಬಟ್ಟೆ ಇಳಿಬಿಟ್ಟು ಹೋಗುತ್ತಿದ್ದಳು. ಐದು ಲಾರಿಗಳನ್ನು ತಿರುಗಿಸಿದಳು. ಅವರ ಜೊತೆ ಮೊದಲಿನ ಹಾಗೆ ಮಾತಿಗೆ ಕೂರಲಿಲ್ಲ. ದಾರಿ ಹೇಳಿ, ನೀರು ಕೊಟ್ಟು ಕಳಿಸಿಬಿಟ್ಟಳು.

ಪ್ರತಾಪನ ಅಣ್ಣ ಬಿಹಾರದಿಂದ ಬರುವವರೆಗೆ ಎರಡು ಸಲ ನದೀಮನನ್ನು ಕವಲಿನಲ್ಲಿ ಕೂರಿಸಿ ಹುಬ್ಬಳ್ಳಿಗೆ ಹೋಗಿ ಬಂದಳು. ಹಳದಿ ನೀಲಿ ತುಂಡುಗಳ ಕೌದಿಯೊಂದನ್ನು ಅವನಿಗೆ ಹೊದಿಸಿದಳು. ಎರಡನೆಯ ಸಲ ಹೋದಾಗ ಅವನು ಮಾತಾಡಿದ. ಊರಿನ ಬಗ್ಗೆ, ತಾಯಿಯ ಬಗ್ಗೆ. ಕ್ಷಮಿಸಿದೆ ಎಂದೇನೂ ಅನ್ನಲಿಲ್ಲ. ಅವಳ ಗುಂಡಿಯ ಫೋನು ತೆಗೆದುಕೊಂಡು ಅದರಲ್ಲಿ ಮನೆಯ ನಂಬರು ಹಾಕಿಕೊಟ್ಟ.

ಇಪ್ಪತ್ತನೆಯ ದಿನ ಲಾರಿ ಬರಲಿಲ್ಲ. ಆಮೇಲಿನ ವಾರವೂ ಇಲ್ಲ. ಶ್ರಾವಣ ಕಳೆಯಿತು, ಹೆಸರುಕಾಳಿನ ಸುಗ್ಗಿಯೂ ಮುಗಿಯಿತು. ಊರಿನ ಟ್ರ್ಯಾಕ್ಟರು, ದಿನಕ್ಕೆರಡು ಬಸ್ಸು, ಹಾಲಿನ ಗಾಡಿ ಹಾಯುತ್ತಿದ್ದವು. ಅವರಿಗೆ ಯಾರಿಗೂ ದಾರಿ ಕೇಳುವ ಅಗತ್ಯವಿರಲಿಲ್ಲ. ಕಟ್ಟೆಯ ಮೇಲೆ ಬಿಸಿಲು ಬಂದು ಹೋಗುತ್ತಿತ್ತು. ಅವಳು ಮತ್ತೆ ಮನೆಯೊಳಗೆ ಕೂತು ಹೊಲಿಯತೊಡಗಿದಳು.

ಒಮ್ಮೆ ಎಣ್ಣೆ ತರಲು ಹೋದಾಗ ಭೀಮೇಶ ಅಂದ: "ಕಾಕಿ, ಊರೊಳಗ ಬಂದು ಇರ್ರಲಾ. ನಮ್ಮ ಅಂಗಡಿ ಬಾಜೂಕ ಖೋಲಿ ಖಾಲಿ ಐತಿ. ಅಲ್ಲಿ ಒಬ್ಬಾಕಿ ಏನ ಮಾಡ್ತೀರಿ?"

"ನೋಡೂಣು," ಅಂದಳು. ಚಳಿ ಬೀಳುವ ಹೊತ್ತಿಗೆ ನಿಜವಾಗಿಯೂ ಹೋಗಿ ಆ ಖೋಲಿಯನ್ನು ನೋಡಿ ಬಂದಳು. ಕಿಟಕಿ ಸಣ್ಣದು, ಆದರೆ ಗೋಡೆಯಾಚೆ ಜನರ ಮಾತು ಕೇಳಿಸುತ್ತಿತ್ತು. ಯುಗಾದಿಯ ನಂತರ ಬರುತ್ತೇನೆಂದು ಹೇಳಿದಳು.

ಜನವರಿಯ ಒಂದು ಮಧ್ಯಾಹ್ನ ಅವಳು ಆ ನಂಬರಿಗೆ ಫೋನು ಮಾಡಿದಳು. ಎತ್ತಿದ್ದು ಪ್ರತಾಪನ ತಾಯಿ. ಆಕೆಯ ಮಾತು ಹಿಂದಿಯಂತಿದ್ದರೂ ಹಿಂದಿಯಲ್ಲ. ರಾಜಮಾಬಿಗೆ ಅರ್ಧ ತಿಳಿಯಿತು, ಆಕೆಗೂ ಅಷ್ಟೇ ತಿಳಿದಿರಬೇಕು. ಕೌದಿಯ ಮಾತು ಬಂದಾಗ ಆಕೆಗೆ ಗುರುತು ಸಿಕ್ಕಿತು. ಮಗ ಕುಂಟುತ್ತ ನಡೆಯುತ್ತಾನೆ, ಆದರೆ ನಡೆಯುತ್ತಾನೆ. ಹೋದ ವಾರವೇ ಮತ್ತೆ ಲಾರಿ ಹತ್ತಿ ಹೋದ ಅಂದಳು.

"ಯಾವ ಕಡೆ ಹೋಗಿದ್ದಾನೆ?" ರಾಜಮಾಬಿ ಕೇಳಿದಳು.

"ಹೆಸರು ಹೇಳಿದ. ನನಗೆ ನೆನಪಿಲ್ಲ. ದೂರ."

ಫೋನಿನ ಆ ಕಡೆ ಎಲ್ಲೋ ಆಡು ಒದರುವುದು ಕೇಳಿಸಿತು.

"ಅಲ್ಲಿಯೂ ಯಾರಾದರೂ ಇರುತ್ತಾರೆ," ಅಂದಳು ರಾಜಮಾಬಿ.

"ಇರುತ್ತಾರೇನು?"

"ಇರಬೇಕು."

ತಾಯಿ ಹೂಂ ಅಂದಳು. ಮತ್ತೆ ಫೋನು ಮಾಡು ಅಂದಳು, ಅಥವಾ ಅದೇ ಅರ್ಥದ ಏನನ್ನೋ. ರಾಜಮಾಬಿ ಫೋನು ಇಟ್ಟು ಅಂಗಳಕ್ಕೆ ಬಂದಳು. ರಸ್ತೆ ಎರಡೂ ಕಡೆ ಖಾಲಿಯಿತ್ತು. ಊರಿನ ನಳದ ನೀರು ನಿಲ್ಲುವ ಹೊತ್ತಾಗಿತ್ತು. ಕೊಡ ತೆಗೆದುಕೊಂಡು ಊರ ಕಡೆ ನಡೆದಳು.